ಮದುವೆ ಮೇಜಿಗೆ ನೀವೇ ಮಾಡುವ ಹೂವಿನ ಅಲಂಕಾರ, ಕಡಿಮೆ ಖರ್ಚಿನಲ್ಲಿ

ಊಟದ ಮೇಜಿನ ನಡುವೆ ಇಡುವ ಹೂವಿನ ಸೆಂಟರ್‌ಪೀಸ್ ಒಂದೊಂದಾಗಿ ನೋಡಿದರೆ ಸಣ್ಣ ಖರ್ಚು. ಮೇಜುಗಳ ಸಂಖ್ಯೆಯಿಂದ ಗುಣಿಸಿದಾಗಲೇ ಬಿಸಿ ಮುಟ್ಟುವುದು. ಮನೆಯಲ್ಲೇ ಮಾಡಿಕೊಂಡರೆ ಉಳಿತಾಯ ಖಂಡಿತ ಇದೆ. ಆದರೆ ಕಣ್ಣಿಗೆ ಬಿದ್ದ ಹೂವೆಲ್ಲ ತಂದು ಹಿಂದಿನ ರಾತ್ರಿ ಕೂತರೆ ಏನೂ ಉಳಿಯುವುದಿಲ್ಲ. ಹೂವೂ ಬಾಡುತ್ತದೆ, ಮನೆಯವರೂ ಬಾಡುತ್ತಾರೆ.

ಖರ್ಚು ಇಳಿಸಬೇಕು ಅಂದಾಗ ಹೆಚ್ಚಿನವರು ಅಗ್ಗದ ಹೂವು ಯಾವುದು ಎಂದು ಹುಡುಕಲು ಹೊರಡುತ್ತಾರೆ. ನಾನು ಮೊದಲು ನೋಡುವುದು ಪಾತ್ರೆಯ ಬಾಯಿಯನ್ನು. 15 ಸೆಂ.ಮೀ. ಅಗಲ ಬಾಯಿಯ ಹೂದಾನಿಗೆ ಹತ್ತು ಹೂ ಹಾಕಿ ನೋಡಿ. ಎಲ್ಲವೂ ಅಂಚಿಗೆ ಒರಗಿಕೊಂಡು ನಡುವೆ ಖಾಲಿ ಕಾಣುತ್ತದೆ. ಅದೇ ಹತ್ತು ಹೂವನ್ನು ಕಿರಿದಾದ ಕುತ್ತಿಗೆಯ ಐದು ಬಾಟಲಿಗಳಿಗೆ ಹಂಚಿ. ಮೇಜು ತುಂಬಿದ ಹಾಗೆ ಕಾಣುತ್ತದೆ. ಬಾಯಿಯ ಅಗಲ ಎರಡು ಪಟ್ಟಾದರೆ ತುಂಬಬೇಕಾದ ಜಾಗ ನಾಲ್ಕು ಪಟ್ಟಾಗುತ್ತದೆ, ಲೆಕ್ಕ ಇಷ್ಟೇ. ಆದ್ದರಿಂದ ಹೂವಿನ ಅಂಗಡಿಗೆ ಹೋಗುವ ಮೊದಲೇ ಪಾತ್ರೆ ಯಾವುದು ಎಂದು ತೀರ್ಮಾನವಾಗಿರಲಿ.

ಮೇಜಿನ ಅಳತೆ

ಮದುವೆ ನಡೆಯುವ ಜಾಗದವರನ್ನು ಕೇಳಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ಎಷ್ಟು ಮೇಜು, ದುಂಡಗಿನವೋ ಉದ್ದನೆಯವೋ, ಅಗಲ ಎಷ್ಟು, ಮತ್ತು ಅಲಂಕಾರಕ್ಕೆ ಒಳಗೆ ಬಿಡುವುದು ಎಷ್ಟು ಗಂಟೆಗೆ. ಮೇಣದ ಬತ್ತಿ ಹಚ್ಚಲು ಬಿಡುತ್ತಾರಾ ಎಂದೂ ಈಗಲೇ ಕೇಳಿಬಿಡಿ. ಎಷ್ಟೋ ಸಭಾಂಗಣಗಳಲ್ಲಿ ಬಿಡುವುದಿಲ್ಲ.

ದುಂಡು ಮೇಜಾದರೆ ಅಲಂಕಾರ ಅದರ ಅಗಲದ ಮೂರನೇ ಒಂದು ಭಾಗ ಮೀರದಿರಲಿ. 150 ಸೆಂ.ಮೀ. ಮೇಜಿಗೆ 50 ಸೆಂ.ಮೀ. ಗರಿಷ್ಠ. ತಟ್ಟೆ, ಲೋಟ, ಬಡಿಸುವ ಪಾತ್ರೆ ಎಲ್ಲ ಬಂದ ಮೇಲೆ ಅಷ್ಟೂ ಜಾಗ ಇರುವುದಿಲ್ಲ. ಅದಕ್ಕೆ 30 ಸೆಂ.ಮೀ. ಒಳಗೆ ಮುಗಿಸುವುದು ಒಳ್ಳೆಯದು.

ಎತ್ತರ ಇದಕ್ಕಿಂತ ಮುಖ್ಯ. ಎದುರು ಕೂತವರ ಮುಖ ಕಾಣದಿದ್ದರೆ ಅತಿಥಿಗಳು ಮಾಡುವ ಮೊದಲ ಕೆಲಸ ಹೂದಾನಿಯನ್ನು ಎತ್ತಿ ಕೆಳಗಿಡುವುದು. ಮೇಜಿನ ಮೇಲೆ ಮೊಣಕೈ ಊರಿ, ಕೈ ನೆಟ್ಟಗೆ ನಿಲ್ಲಿಸಿ. ಹೂವಿನ ತುದಿ ನಿಮ್ಮ ಮಣಿಕಟ್ಟಿನ ಹತ್ತಿರಕ್ಕೆ ನಿಲ್ಲಬೇಕು. ಸುಮಾರು 30 ಸೆಂ.ಮೀ. ಅನ್ನಿ. ಎತ್ತರದ್ದೇ ಬೇಕು ಅಂದರೆ ತೆಳುವಾದ ಕಂಬದ ಮೇಲೆ 60 ಸೆಂ.ಮೀ.ಗಿಂತ ಮೇಲೆ ಹೋಗಬೇಕು, ಆಗ ಹೂವಿನ ಕೆಳಗಿಂದ ಮುಖ ಕಾಣುತ್ತದೆ. ಅದಕ್ಕೆ ಸ್ಟ್ಯಾಂಡ್ ಬೇಕು, ಭಾರದ ಬುಡ ಬೇಕು, ಹೂವೂ ಜಾಸ್ತಿ ಬೇಕು. ಕಡಿಮೆ ಖರ್ಚಿನ ಕೆಲಸಕ್ಕೆ ಅದು ಹೊಂದುವುದಿಲ್ಲ, ಬಿಟ್ಟುಬಿಡಿ.

ಪಾತ್ರೆ ಕೂಡಿಹಾಕುವುದು

ಮದುವೆಗೆ ಎರಡು ಮೂರು ತಿಂಗಳಿದೆ ಅನ್ನುವಾಗಲೇ ಗೊತ್ತಿದ್ದವರಿಗೆಲ್ಲ ಹೇಳಿಡಿ: ಖಾಲಿ ಗಾಜಿನ ಬಾಟಲಿ ಎಸೆಯಬೇಡಿ, ನಮಗೆ ಕೊಡಿ. ಜ್ಯೂಸ್, ಸಾಸ್, ಜಾಮ್, ಉಪ್ಪಿನಕಾಯಿ, ಔಷಧಿ, ಯಾವುದಾದರೂ ಸರಿ. ಬಾಯಿ 2ರಿಂದ 6 ಸೆಂ.ಮೀ. ಒಳಗಿದ್ದರೆ ನಿಮ್ಮ ಕೆಲಸಕ್ಕೆ ಬಂದೇ ಬರುತ್ತದೆ.

ಲೇಬಲ್ ತೆಗೆಯಲು ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ. ಕಾಗದ ಸುಲಿದು ಬರುತ್ತದೆ, ಅಂಟು ಉಳಿಯುತ್ತದೆ. ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಸಮವಾಗಿ ಕಲಸಿ ಅಂಟಿನ ಮೇಲೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಒಳಗೆ ಉಪ್ಪಿನಕಾಯಿ ವಾಸನೆ ಇರಬಾರದು, ನೋಡಿಕೊಳ್ಳಿ.

ಬಾಟಲಿಗಳ ಆಕಾರ ಬೇರೆ ಬೇರೆ ಇದ್ದರೆ ಚಿಂತೆ ಬೇಡ. ಒಂದು ವಿಷಯ ಮಾತ್ರ ಎಲ್ಲದರಲ್ಲೂ ಒಂದೇ ಇರಲಿ. ಎಲ್ಲವೂ ಬಣ್ಣವಿಲ್ಲದ ಗಾಜು, ಅಥವಾ ಎಲ್ಲಕ್ಕೂ ಒಂದೇ ಬಣ್ಣದ ದಾರ, ಇಲ್ಲವೇ ಸೆಣಬಿನ ಹುರಿ ಸುತ್ತಿದ್ದು. ಆಗ ಬೇಕಂತಲೇ ಆರಿಸಿದ ಹಾಗೆ ಕಾಣುತ್ತದೆ. ತಗಡಿನ ಡಬ್ಬಿಗಳೂ ಆಗುತ್ತವೆ. ಅವುಗಳ ಅಂಚು ಕೈ ಕೊಯ್ಯದ ಹಾಗೆ ಇಕ್ಕಳದಲ್ಲಿ ಒತ್ತಿ, ಹಿಂದಿನ ದಿನವೇ ನೀರು ತುಂಬಿಟ್ಟು ಸೋರುತ್ತದಾ ನೋಡಿ.

ದುಂಡು ಮೇಜಿಗೆ ಮೂರು ಬಾಟಲಿಗಳ ಗುಂಪು ಚೆನ್ನಾಗಿ ಕಾಣುತ್ತದೆ: ಒಂದು ಎತ್ತರ, ಒಂದು ನಡುಗಾತ್ರ, ಒಂದು ಕುಳ್ಳ. ಅದರಲ್ಲಿ ಎರಡರಲ್ಲಿ ಒಂದೊಂದು ಹೂವಿದ್ದರೂ ಸಾಕು.

ಯಾವ ಹೂವು ಕೊಳ್ಳಬೇಕು

ಆ ತಿಂಗಳಲ್ಲಿ ಹೇರಳವಾಗಿ ಬರುವ ಹೂವು ಯಾವುದು ಎಂದು ಸಗಟು ಮಾರುವವರನ್ನೇ ಕೇಳಿ. ನಿಮಗೆ ಬೇಕಾದ ಹೂವಿನ ಹೆಸರು ಹೇಳಬೇಡಿ, ಬೇಕಾದ ಬಣ್ಣ ಹೇಳಿ. ಇಂಥದೇ ಗುಲಾಬಿ ಬೇಕು ಅಂದರೆ ಬೆಲೆ ಅವರ ಕೈಯಲ್ಲಿ. ತಿಳಿ ಹಳದಿ ಮತ್ತು ಬಿಳಿ ಬಣ್ಣದ್ದು ಯಾವುದಿದ್ದರೂ ಆದೀತು ಅಂದರೆ ಮಾತು ನಿಮ್ಮ ಕಡೆ ವಾಲುತ್ತದೆ. ದೊಡ್ಡ ಹಬ್ಬಗಳ ಹಿಂದೆ ಮುಂದೆ, ಫೆಬ್ರವರಿ 14ರ ಆಸುಪಾಸಿನಲ್ಲಿ ಹೂವಿನ ಬೆಲೆ ಏರುವುದು ಎಲ್ಲರಿಗೂ ಗೊತ್ತು. ಆ ದಿನಗಳಲ್ಲೇ ಮದುವೆ ಇದ್ದರೆ ಕೆಂಪು ಗುಲಾಬಿ ಆಸೆ ಬಿಡಿ.

ಮೊದಲ ಸಲ ಮಾಡುವವರಿಗೆ ನನ್ನ ಆಯ್ಕೆ ಸೇವಂತಿಗೆ ಮತ್ತು ಕಾರ್ನೇಷನ್. ಎರಡೂ ಕೊಯ್ದ ಮೇಲೆ ವಾರಕ್ಕಿಂತ ಹೆಚ್ಚು ಬಾಳುತ್ತವೆ, ಕೈಯಲ್ಲಿ ಒರಟಾಗಿ ಹಿಡಿದರೂ ತಡೆದುಕೊಳ್ಳುತ್ತವೆ. ಕಾರ್ನೇಷನ್ ಅಂದರೆ ಮೂಗು ಮುರಿಯುವವರಿದ್ದಾರೆ. ಐದಾರು ಹೂವನ್ನು ಒತ್ತೊತ್ತಾಗಿ ಒಂದೇ ಎತ್ತರಕ್ಕೆ ಕತ್ತರಿಸಿ ಚಿಕ್ಕ ಬಾಟಲಿಗೆ ಹಾಕಿ ತೋರಿಸಿ, ಆಮೇಲೆ ಯಾರೂ ಮಾತಾಡುವುದಿಲ್ಲ. ಒಂದೇ ದಂಟಿನಲ್ಲಿ ಹಲವು ಹೂ ಬಿಡುವ ಸ್ಪ್ರೇ ಸೇವಂತಿಗೆ ಇನ್ನೂ ಲಾಭ. ಒಂದು ದಂಟನ್ನು ಕವಲು ಬಿಡಿಸಿದರೆ ಮೂರು ನಾಲ್ಕು ಬಾಟಲಿಗಾಗುತ್ತದೆ. ಆಲ್‌ಸ್ಟ್ರೋಮೇರಿಯಾ ಕೂಡ ಹೀಗೇ.

ನಡುವಿನ ಖಾಲಿ ತುಂಬಲು ಜಿಪ್ಸೊಫಿಲಾ, ಸ್ಟ್ಯಾಟಿಸ್‌ನಂಥ ಪುಟ್ಟ ಪುಟ್ಟ ಹೂಗಳ ದಂಟುಗಳು ಸಿಗುತ್ತವೆ. ಜಿಪ್ಸೊಫಿಲಾದ ಒಂದು ಕಟ್ಟು ನೋಡುವುದಕ್ಕೆ ಚಿಕ್ಕದು, ಬಿಡಿಸಿದರೆ ಬುಟ್ಟಿ ತುಂಬುತ್ತದೆ. ಬೇರೆ ಹೂವೇ ಹಾಕದೆ ಬರೀ ಜಿಪ್ಸೊಫಿಲಾ ತುಂಬಿದ ಬಾಟಲಿಗಳೂ ಚೆಂದ. ಹಸಿರಿಗೆ ದುಡ್ಡು ಕೊಡಬೇಡಿ. ಜರೀಗಿಡ, ನೀಲಗಿರಿ, ಮನೆಯಂಗಳದ ಗಟ್ಟಿ ಎಲೆಯ ಬೇಲಿಗಿಡ, ಒಡೆಯರನ್ನು ಕೇಳಿ ಕೊಯ್ದುಕೊಂಡರೆ ಆಯಿತು. ಕೊಯ್ದ ಒಂದು ಕೊಂಬೆಯನ್ನು ಎರಡು ದಿನ ನೀರಿನಲ್ಲಿಟ್ಟು ನೋಡಿ. ಎಳೆ ಚಿಗುರು ಬೇಗ ಜೋತುಬೀಳುತ್ತದೆ, ಬಲಿತ ಎಲೆ ನಿಲ್ಲುತ್ತದೆ.

ಕೆಲವನ್ನು ಊಟದ ಮೇಜಿಗೆ ತರಲೇಬಾರದು, ಕೆಲವನ್ನು ಎಚ್ಚರದಿಂದ ತರಬೇಕು. ಕಣಗಿಲೆ ಪೂರ್ತಿ ವಿಷ, ಹೂವಿನಿಂದ ಎಲೆಯವರೆಗೆ. ಸುಗಂಧರಾಜ ಹೆಚ್ಚಾದರೆ ಅದರ ಪರಿಮಳ ಊಟದ ರುಚಿಯನ್ನೇ ನುಂಗುತ್ತದೆ. ಲಿಲ್ಲಿ ಹಾಕಿದರೆ ಮೊಗ್ಗು ಅರಳುತ್ತಿದ್ದಂತೆ ಒಳಗಿನ ಪರಾಗದ ಕೋಶಗಳನ್ನು ಚಿವುಟಿ ತೆಗೆಯಿರಿ. ಅದರ ಪುಡಿ ಬಟ್ಟೆಗೆ ಹತ್ತಿದರೆ ಕಲೆ ಹೋಗುವುದು ಕಷ್ಟ. ಹತ್ತಿಯೇ ಬಿಟ್ಟರೆ ನೀರು ಹಾಕಿ ಉಜ್ಜಬೇಡಿ, ಸೆಲ್ಲೋಟೇಪ್ ಒತ್ತಿ ಎತ್ತಿ.

ಒಂದು ಮಾದರಿ, ಆಮೇಲೆ ಲೆಕ್ಕ

ಮದುವೆಗೆ ಮೂರು ನಾಲ್ಕು ವಾರ ಇರುವಾಗ ಒಂದೇ ಒಂದು ಮೇಜಿನ ಅಲಂಕಾರ ಪೂರ್ತಿ ಮಾಡಿ. ಎಷ್ಟು ದಂಟು ಹಿಡಿಯಿತು ಎಣಿಸಿ, ಎಷ್ಟು ಹೊತ್ತು ಹಿಡಿಯಿತು ಗಡಿಯಾರ ನೋಡಿ, ಫೋಟೊ ತೆಗೆದಿಡಿ. ಅದನ್ನು ಎರಡು ದಿನ ಹಾಗೇ ಬಿಟ್ಟು ಯಾವ ಹೂವು ಮೊದಲು ಸೋಲುತ್ತದೆ ಎಂದು ಗಮನಿಸಿ. ಸೋತದ್ದನ್ನು ಪಟ್ಟಿಯಿಂದ ತೆಗೆಯಿರಿ.

ಲೆಕ್ಕ ಹೀಗೆ. ಒಂದು ಮೇಜಿಗೆ 5 ಕಾರ್ನೇಷನ್, 2 ಸ್ಪ್ರೇ ಸೇವಂತಿಗೆ, 3 ಹಸಿರು ಕಡ್ಡಿ ಬೇಕಾಯಿತು ಅಂದುಕೊಳ್ಳಿ. 15 ಮೇಜಿಗೆ 75, 30, 45. ಮುರಿದದ್ದು, ಬಾಡಿದ್ದು ಅಂತ ನೂರಕ್ಕೆ ಹತ್ತು ಸೇರಿಸಿ: 83, 33, 50. ಕಟ್ಟಿಗೆ ಹತ್ತರಂತೆ ಮಾರಿದರೆ ಕಾರ್ನೇಷನ್ 9 ಕಟ್ಟು, ಸೇವಂತಿಗೆ 4 ಕಟ್ಟು. ಬಿಡಿ ಹೂವಿನ ಲೆಕ್ಕದಲ್ಲಿ ಕೊಳ್ಳಬೇಡಿ, ಕಟ್ಟಿನ ಲೆಕ್ಕದಲ್ಲೇ ಕೊಳ್ಳಿ. ಮಿಕ್ಕಿದ ಹೂವು ಉಡುಗೊರೆ ಮೇಜಿಗೋ ಕೈತೊಳೆಯುವ ಜಾಗಕ್ಕೋ ಆಗುತ್ತದೆ.

ಎಲ್ಲ ಮೇಜೂ ಒಂದೇ ಥರ ಇರಬೇಕು ಅಂತ ಯಾವ ಕಾನೂನೂ ಇಲ್ಲ, ಅಲ್ವಾ? ಒಂದು ಮೇಜಿಗೆ ತುಂಬಿದ ಭರಣಿ, ಪಕ್ಕದ ಮೇಜಿಗೆ ಮೂರು ಬಾಟಲಿ. ಹೀಗೆ ಬಿಟ್ಟು ಬಿಟ್ಟು ಇಟ್ಟರೆ ಸಭಾಂಗಣ ಬೇಸರ ತರಿಸುವುದಿಲ್ಲ, ಹೂವೂ ಗಣನೀಯವಾಗಿ ಉಳಿಯುತ್ತದೆ.

ಹೂವಿಗೆ ನೀರು ಕುಡಿಸುವುದು

ಮನೆಯಲ್ಲಿ ಮಾಡಿದ್ದು ಮಧ್ಯಾಹ್ನಕ್ಕೇ ಜೋತುಬಿದ್ದರೆ ಕಾರಣ ಬಹುಪಾಲು ಈ ಹಂತವನ್ನು ಹಾರಿಸಿದ್ದೇ ಆಗಿರುತ್ತದೆ. ಕೊಯ್ದ ಹೂವು ಗಾಳಿಯಲ್ಲಿ ಇದ್ದಷ್ಟು ಹೊತ್ತು ದಂಟಿನ ತುದಿಯ ಸಣ್ಣ ನಾಳಗಳೊಳಗೆ ಗಾಳಿ ಸೇರುತ್ತದೆ. ಆಮೇಲೆ ನೀರಿನಲ್ಲಿಟ್ಟರೂ ನೀರು ಮೇಲೇರುವುದಿಲ್ಲ. ನೀರು ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ಅದೇ ನಾಳಗಳನ್ನು ಮುಚ್ಚುತ್ತದೆ. ಹೂವನ್ನು ಉಳಿಸಿಕೊಳ್ಳುವುದು ಅಂದರೆ ಈ ಎರಡನ್ನು ತಡೆಯುವುದು.

ಹೂವು ಮನೆಗೆ ಬರುವ ಮೊದಲೇ ಬಕೆಟ್‌ಗಳನ್ನು ಸೋಪು ಹಾಕಿ ಉಜ್ಜಿ ತೊಳೆದಿಡಿ. ಮುಟ್ಟಿದರೆ ಜಾರುವಂತಿರುವ ಬಕೆಟ್ ಕೊಳಕು ಬಕೆಟ್ ಅಂತಲೇ ಅರ್ಥ. ಮದುವೆಗೆ ಎರಡು ದಿನ ಮುಂಚೆ ಹೂವು ಬರಲಿ. ಲಿಲ್ಲಿ ಮಾತ್ರ ಮೊಗ್ಗಿನಲ್ಲಿ ಬರುವುದರಿಂದ ನಾಲ್ಕೈದು ದಿನ ಮುಂಚೆ ಬೇಕು. ಬಂದ ಕೂಡಲೇ ಕಟ್ಟು ಬಿಚ್ಚಿ, ನೀರಿನಲ್ಲಿ ಮುಳುಗುವ ಭಾಗದ ಎಲೆಗಳನ್ನೆಲ್ಲ ತೆಗೆಯಿರಿ. ಮುಳುಗಿದ ಎಲೆ ಕೊಳೆತೇ ಕೊಳೆಯುತ್ತದೆ. ಗುಲಾಬಿಯ ಮುಳ್ಳನ್ನು ಕೆಳಭಾಗದಲ್ಲಿ ಮಾತ್ರ ತೆಗೆಯಿರಿ, ಸಿಪ್ಪೆ ಕೀಳಬೇಡಿ.

ಆಮೇಲೆ ಪ್ರತಿ ದಂಟಿನ ತುದಿಯಿಂದ ಎರಡು ಸೆಂ.ಮೀ. ಓರೆಯಾಗಿ ಕತ್ತರಿಸಿ. ಓರೆ ಯಾಕೆಂದರೆ ನೇರವಾಗಿ ಕತ್ತರಿಸಿದ ದಂಟು ಬಕೆಟ್‌ನ ತಳಕ್ಕೆ ಅಂಟಿ ಕೂತು ನೀರಿನ ದಾರಿ ಮುಚ್ಚಬಹುದು. ಹರಿತವಾದ ಚಾಕು ಅಥವಾ ಗಿಡ ಕತ್ತರಿಸುವ ಕತ್ತರಿ ಬಳಸಿ. ಮೊಂಡು ಕತ್ತರಿ ದಂಟನ್ನು ಜಜ್ಜುತ್ತದೆ. ಕತ್ತರಿಸಿದ ಕೂಡಲೇ ಉಗುರುಬೆಚ್ಚಗಿನ ನೀರಿಗೆ ಹಾಕಿ. ಮಾತಾಡುತ್ತ ಕೈಯಲ್ಲಿ ಹಿಡಿದು ಕೂರಬೇಡಿ. ಜರ್ಬೆರಾಕ್ಕೆ ಮಾತ್ರ ಆಳದ ನೀರು ಬೇಡ, ಅದರ ದಂಟು ಮೆತ್ತಗಾಗಿ ಕೊಳೆಯುತ್ತದೆ. ನಾಲ್ಕೈದು ಸೆಂ.ಮೀ. ಸಾಕು.

ಹೀಗೆ ತುಂಬಿದ ಬಕೆಟ್‌ಗಳನ್ನು ಮನೆಯ ಅತಿ ತಂಪಾದ, ಕತ್ತಲೆ ಕೋಣೆಯಲ್ಲಿ ಒಂದು ರಾತ್ರಿ ಬಿಡಿ. ಫ್ಯಾನ್ ಗಾಳಿ ನೇರವಾಗಿ ಬಡಿಯದಿರಲಿ. ಹಣ್ಣಿನ ಬುಟ್ಟಿ ಆ ಕೋಣೆಯಲ್ಲಿ ಇರಲೇಬಾರದು. ಮಾಗುವ ಬಾಳೆ, ಸೇಬು ಎಥಿಲೀನ್ ಅನಿಲ ಬಿಡುತ್ತವೆ, ಅದು ಹೂವನ್ನು ಬೇಗ ಮುದಿಯಾಗಿಸುತ್ತದೆ. ಕಾರ್ನೇಷನ್‌ಗೆ ಇದರ ಪೆಟ್ಟು ಜೋರು. ಮನೆಯ ಫ್ರಿಜ್‌ನಲ್ಲಿ ಹೂವಿಡುವ ಯೋಚನೆಯನ್ನೂ ಇದೇ ಕಾರಣಕ್ಕೆ ಕೈಬಿಡಿ. ಅದರೊಳಗೆ ಹಣ್ಣು ಇದ್ದೇ ಇರುತ್ತದೆ. ಆರ್ಕಿಡ್, ಆಂಥೂರಿಯಂನಂಥ ಬಿಸಿನಾಡಿನ ಹೂವಿಗಂತೂ ಫ್ರಿಜ್‌ನ ಚಳಿಯೇ ಆಗುವುದಿಲ್ಲ.

ನೀರಿಗೆ ಸಕ್ಕರೆ ಹಾಕಿದರೆ ಹೂವು ಬಾಳುತ್ತದೆ ಎಂದು ಹೇಳುವವರು ಸಿಗುತ್ತಾರೆ. ಬರೀ ಸಕ್ಕರೆ ಬ್ಯಾಕ್ಟೀರಿಯಾಕ್ಕೂ ಊಟ. ಹೂದಾನಿಯ ನೀರಿಗೆ ಹಾಕಲು ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಸಕ್ಕರೆಯ ಜೊತೆ ಬ್ಯಾಕ್ಟೀರಿಯಾ ಕೊಲ್ಲುವ ಅಂಶ, ಸ್ವಲ್ಪ ಆಮ್ಲ ಎರಡೂ ಇರುತ್ತವೆ. ಒಂದೆರಡು ದಿನದ ಮದುವೆಗೆ ಪುಡಿಯೂ ಬೇಡ, ದಿನಕ್ಕೊಮ್ಮೆ ನೀರು ಬದಲಿಸಿದರೆ ಸಾಕು.

ಜೋಡಿಸುವ ಕ್ರಮ

ಮದುವೆಯ ಹಿಂದಿನ ದಿನ ಮಧ್ಯಾಹ್ನ ಶುರು ಮಾಡಿ. ಮೂರು ನಾಲ್ಕು ಜನ ಬೇಕು. ಒಬ್ಬೊಬ್ಬರೂ ಒಂದೊಂದು ಅಲಂಕಾರ ಪೂರ್ತಿ ಮಾಡುವ ಬದಲು ಕೆಲಸ ಹಂಚಿಕೊಳ್ಳಿ. ಒಬ್ಬರು ಎಲೆ ತೆಗೆಯಲಿ, ಒಬ್ಬರು ಅಳತೆಗೆ ಕತ್ತರಿಸಲಿ, ಕೈ ಹದ ಇರುವ ಒಬ್ಬರೇ ಎಲ್ಲವನ್ನೂ ಜೋಡಿಸಲಿ. ಆಗ ಎಲ್ಲ ಒಂದೇ ಕೈಯಿಂದ ಬಂದ ಹಾಗೆ ಕಾಣುತ್ತದೆ.

ಕಿರಿದಾದ ಬಾಟಲಿಗೆ ಹೇಳಿಕೊಡುವಂಥದ್ದೇನೂ ಇಲ್ಲ. ಒಂದು ಹೂವು, ಒಂದು ಎಲೆ, ಮುಗಿಯಿತು. ಬಾಯಿ 6 ಸೆಂ.ಮೀ.ಗಿಂತ ಅಗಲವಾದ ಭರಣಿಗೆ ಮಾತ್ರ ಈ ಕ್ರಮ:

1. ಭರಣಿಯ ಬಾಯಿ ಒಣಗಿರುವಾಗಲೇ ಪಾರದರ್ಶಕ ಟೇಪನ್ನು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಎಳೆದು ಅಂಟಿಸಿ. ಒಂಬತ್ತು ಕಿಂಡಿಗಳಾಗುತ್ತವೆ. ಒದ್ದೆ ಗಾಜಿಗೆ ಟೇಪ್ ಹಿಡಿಯುವುದಿಲ್ಲ.
2. ಕಿಂಡಿಯಿಂದ ಮುಕ್ಕಾಲು ಭಾಗ ನೀರು ಹಾಕಿ.
3. ಮೊದಲು ಹಸಿರು. ಅಂಚಿನ ಕಿಂಡಿಗಳಲ್ಲಿ ಸ್ವಲ್ಪ ಹೊರಗೆ ಬಾಗುವಂತೆ ಇಡಿ. ಟೇಪಿನ ಅಂಚು ಮುಚ್ಚಬೇಕು.
4. ದೊಡ್ಡ ಹೂವು ಮೂರೋ ಐದೋ. ನಡುವಿನದು ಎಲ್ಲಕ್ಕಿಂತ ಎತ್ತರ, ಪಾತ್ರೆಯ ಎತ್ತರದ ಒಂದೂವರೆ ಪಟ್ಟು ಮೀರದ ಹಾಗೆ. ಉಳಿದವು ತಗ್ಗುತ್ತ ಹೋಗಲಿ, ಅಂಚಿನ ಹೂವು ಪಾತ್ರೆಯ ಬಾಯಿಗೆ ತಾಗಿಯೇ ಇರಲಿ.
5. ಸ್ಪ್ರೇ ಹೂವು, ಜಿಪ್ಸೊಫಿಲಾ ಕೊನೆಗೆ, ಖಾಲಿ ಕಂಡ ಕಡೆ ಮಾತ್ರ.
6. ಮಾಡುತ್ತ ಮಾಡುತ್ತ ಪಾತ್ರೆಯನ್ನು ತಿರುಗಿಸುತ್ತಿರಿ. ಮುಗಿದ ಮೇಲೆ ಕುರ್ಚಿಯಲ್ಲಿ ಕೂತು ನೋಡಿ. ನಿಂತು ನೋಡಿದರೆ ತಲೆಯ ಭಾಗ ಮಾತ್ರ ಕಾಣುತ್ತದೆ, ಅತಿಥಿ ನೋಡುವುದು ಪಕ್ಕದಿಂದ.

ಕತ್ತರಿಸುವಾಗ ಮೊದಲು ಉದ್ದವಾಗಿಯೇ ಬಿಡಿ. ಉದ್ದ ಇದ್ದದ್ದನ್ನು ಗಿಡ್ಡ ಮಾಡಬಹುದು.

ಅಪಾರದರ್ಶಕ ಪಾತ್ರೆಗೆ ಟೇಪಿನ ಬದಲು ಕೋಳಿಗೂಡಿಗೆ ಹಾಕುವ ತಂತಿ ಬಲೆಯನ್ನು ಸಡಿಲವಾಗಿ ಉಂಡೆ ಮಾಡಿ ಒಳಗೆ ತುರುಕಿದರೆ ದಂಟುಗಳು ಅಲ್ಲಾಡುವುದಿಲ್ಲ. ಅದನ್ನು ತೊಳೆದು ಎಷ್ಟು ಸಲ ಬೇಕಾದರೂ ಬಳಸಬಹುದು. ಅಂಗಡಿಯವರು ನೀರಿನಲ್ಲಿ ನೆನೆಸಿ ದಂಟು ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಇಟ್ಟಿಗೆ ಕೊಳ್ಳಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು ಸಲ ನೆಂದು ಒಣಗಿದರೆ ಅದು ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ, ಪುಡಿಯಾಗಿ ಸಣ್ಣ ಪ್ಲಾಸ್ಟಿಕ್ ಕಣಗಳಾಗುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಎಲ್ಲಕ್ಕಿಂತ ಮೊದಲು, ಅದಕ್ಕೆ ದುಡ್ಡು ಬೇಕು. ಟೇಪಿಗೆ ಅಷ್ಟು ಬೇಡ.

ಹೂವು ಇನ್ನೂ ಕಡಿಮೆ ಬೇಕಾದರೆ

ಅಗಲವಾದ, ಆಳವಿಲ್ಲದ ಬಟ್ಟಲಿಗೆ ನೀರು ತುಂಬಿ ಹೂವು ತೇಲಿಬಿಡುವುದು ಒಂದು ದಾರಿ. ಬಾಯಿ ಅಗಲವಾದರೂ ಇಲ್ಲಿ ಖರ್ಚು ಏರುವುದಿಲ್ಲ, ಖಾಲಿ ಜಾಗವನ್ನು ನೀರೇ ತುಂಬುತ್ತದೆ. ಮೂರು ಜರ್ಬೆರಾ ಅಥವಾ ದೊಡ್ಡ ಸೇವಂತಿಗೆ ಸಾಕು. ದಂಟು ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ. ಮುಳುಗುವ ಹೂವಿನ ಅಡಿಗೆ ಪ್ಯಾಕಿಂಗ್‌ನ ಗುಳ್ಳೆ ಪ್ಲಾಸ್ಟಿಕ್‌ನ ಚಿಕ್ಕ ಬಿಲ್ಲೆ ಸಿಕ್ಕಿಸಿದರೆ ತೇಲುತ್ತದೆ. ಸಾಗಿಸುವಾಗ ಹೂವೇ ಬೇರೆ, ಬಟ್ಟಲೇ ಬೇರೆ. ಜಾಗದಲ್ಲಿ ನೀರು ತುಂಬಿಕೊಳ್ಳಬಹುದು, ಅದು ದೊಡ್ಡ ಅನುಕೂಲ. ತೇಲುವ ದೀಪವನ್ನೂ ಜೊತೆಗೆ ಬಿಡುವುದಾದರೆ ಎಸಳು, ಎಲೆ ಯಾವುದೂ ಉರಿಗೆ ತಾಗಬಾರದು. ಮಕ್ಕಳು ಕೂರುವ ಮೇಜಿಗೆ ಬ್ಯಾಟರಿ ದೀಪವೇ ಇರಲಿ.

ಉದ್ದನೆಯ ಮೇಜಾದರೆ ನಡುವೆ ಹಸಿರು ಕೊಂಬೆಗಳನ್ನು ಒಂದರ ಮೇಲೊಂದು ತುದಿ ಬರುವಂತೆ ಮಲಗಿಸಿ, ಅರ್ಧ ಮೀಟರಿಗೊಂದು ಚಿಕ್ಕ ಬಾಟಲಿ ನಿಲ್ಲಿಸುತ್ತ ಹೋಗಿ. ನೀರಿಲ್ಲದೆ ಮಲಗುವ ಹಸಿರು ಗಟ್ಟಿ ಎಲೆಯದೇ ಆಗಿರಬೇಕು, ಮತ್ತು ಅದನ್ನು ಅವತ್ತೇ ಇಡಬೇಕು.

ಸಮಯ ಇರುವವರು ಕ್ರೇಪ್ ಕಾಗದದ ಹೂವನ್ನು ತಿಂಗಳುಗಳ ಮುಂಚೆಯೇ ಮಾಡಿಡಬಹುದು. ಕಾಗದದ ಸಣ್ಣ ಗೆರೆಗಳು ಎಸಳಿನ ಉದ್ದಕ್ಕೆ ಬರುವಂತೆ ಕತ್ತರಿಸಿ. ಆಗ ಎಸಳಿನ ನಡುವನ್ನು ಹೆಬ್ಬೆರಳಿನಲ್ಲಿ ಅಡ್ಡಕ್ಕೆ ಹಿಗ್ಗಿಸಿದರೆ ಬಟ್ಟಲಿನ ಆಕಾರ ಬರುತ್ತದೆ. ಗೆರೆ ಅಡ್ಡವಾದರೆ ಎಷ್ಟು ಎಳೆದರೂ ಬರುವುದಿಲ್ಲ. ದೊಡ್ಡ ಹೂವು ಒಂದೆರಡು ಕಾಗದದ್ದು, ಸುತ್ತ ನಿಜವಾದ ಹಸಿರು. ಆದರೆ ಒಂದೇ ಪಾತ್ರೆಯಲ್ಲಿ ನೀರು ತಾಗದ ಹಾಗೆ ಕಾಗದದ ಹೂವಿನ ತಂತಿಯನ್ನು ಮೇಲೆಯೇ ನಿಲ್ಲಿಸಬೇಕು.

ಸಾಗಿಸುವ ದಿನ

ಜೋಡಿಸಿದ ಪಾತ್ರೆಗಳಲ್ಲಿ ಕಾಲು ಭಾಗ ನೀರು ಮಾತ್ರ ಬಿಟ್ಟು ಉಳಿದದ್ದು ಚೆಲ್ಲಿ. ಗಟ್ಟಿ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ನಡುವಿನ ಸಂದಿಗೆ ಟವೆಲ್ ಅಥವಾ ಹಳೆ ಪೇಪರ್ ತುರುಕಿ. ಗಾಡಿಯ ಸೀಟಿನ ಮೇಲೆ ಇಡಬೇಡಿ, ಕೆಳಗೆ ಸಮತಟ್ಟಾದ ಕಡೆ ಇಡಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಹೂವು ಅರ್ಧ ಗಂಟೆಯೂ ಇರಬಾರದು.

ಒಂದು ಚೀಲದಲ್ಲಿ ಕತ್ತರಿ, ಟೇಪ್, ಒಣ ಬಟ್ಟೆ, ಸಪೂರ ಮೂತಿಯ ನೀರಿನ ಜಗ್ಗು, ಮಿಕ್ಕ ಹತ್ತಿಪ್ಪತ್ತು ಹೂವು. ಮೇಜಿಗೆ ಇಟ್ಟ ಮೇಲೆ ನೀರು ತುಂಬಿ, ಗಾಜು ಒರೆಸಿ. ದಾರಿಯಲ್ಲಿ ತಲೆಬಾಗಿದ ಗುಲಾಬಿ ಕಂಡರೆ ದಂಟನ್ನು ಮತ್ತೆ ಕತ್ತರಿಸಿ, ಹೂವನ್ನು ಪೂರ್ತಿಯಾಗಿ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮಲಗಿಸಿ, ಹೆಚ್ಚಿನವು ಚೇತರಿಸಿಕೊಳ್ಳುತ್ತವೆ.

ಈ ಕೆಲಸವನ್ನು ಮದುಮಗಳಿಗೋ ಮದುಮಗನಿಗೋ ಒಪ್ಪಿಸಬೇಡಿ, ಅವರ ತಾಯಂದಿರಿಗೂ ಬೇಡ. ಅವತ್ತು ಬೆಳಿಗ್ಗೆ ಬೇರೆ ಜವಾಬ್ದಾರಿ ಇಲ್ಲದ ಇಬ್ಬರನ್ನು ಮೊದಲೇ ಗೊತ್ತುಮಾಡಿ, ಮಾದರಿಯ ಫೋಟೊ ಅವರ ಫೋನಿಗೆ ಕಳಿಸಿಡಿ. ಮದುವೆ ಶಾಸ್ತ್ರದ ಜಾಗದಲ್ಲಿ ಹೂದಾನಿಗಳಿದ್ದರೆ ಅದು ಮುಗಿದ ಕೂಡಲೇ ಊಟದ ಕಡೆಗೆ ಒಯ್ಯುವ ಕೆಲಸವೂ ಇವರದೇ. ಅಷ್ಟರಲ್ಲಿ ಎರಡು ಮೂರು ಮೇಜಿನ ಹೂವು ಉಳಿಯುತ್ತದೆ.

ಊಟ ಮುಗಿದ ಮೇಲೆ ಬಾಟಲಿ ಸಮೇತ ಹೂವನ್ನು ಅತಿಥಿಗಳು ಒಯ್ಯಬಹುದು ಎಂದು ಪ್ರತಿ ಮೇಜಿನ ಮೇಲೂ ಒಂದು ಚೀಟಿ ಇಡಿ. ಬೇರೆಯವರಿಂದ ಎರವಲು ತಂದ ಹೂದಾನಿಗಳಿದ್ದರೆ ಅವುಗಳ ಅಡಿಗೆ ಹೆಸರು ಬರೆದು ಅಂಟಿಸಿ, ಆ ಮೇಜಿಗೆ ಚೀಟಿ ಇಡಬೇಡಿ.